ಮರುವೂ ಜಾಂಗಲವೂ

ನೀರಿಲ್ಲದ ನೆಲಕ್ಕೆ ಅಮರಕೋಶದಲ್ಲಿ ಮರು, ಧನ್ವ ಎಂಬ ಎರಡು ಹೆಸರುಗಳು ಸಮಾನಾರ್ಥಕಗಳಾಗಿ ಬಂದಿರುವುವು. ಕನ್ನಡದ ಮರುಭೂಮಿ ಎಂಬ ಮಾತು ಇವುಗಳಲ್ಲಿ ಮೊದಲನೆಯದರಿಂದ ಹುಟ್ಟಿತು. ಆದರೆ ಪ್ರಾಚೀನರು ಮರುವಿಗೆ ನೆರೆಯದಾದ ಮತ್ತೊಂದು ಭೂಮಿಯನ್ನೂ ಬಲ್ಲವರಾಗಿದ್ದು, ಅದನ್ನು ಜಾಂಗಲವೆಂದು ಕರೆದರು. ಈ ಶಬ್ದವೇ ಹಿಂದುಸ್ತಾನಿಯ ಮೂಲಕ ಇಂಗ್ಲಿಷಿಗೆ ಹೋಗಿ ದಟ್ಟವಾದ ಹಸುರು ಕಾಡೆಂಬ ವಿಪರೀತಾರ್ಥವನ್ನು ಪಡೆದುದು ವಿನೋದದ ಸಂಗತಿ. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ವರ್ಣಿತವಾದ ಜಾಂಗಲವು ಕಾಡಿಗಿಂತಲೂ ಆಕಾಶವೇ ಹೆಚ್ಚಾಗಿ ಕಾಣುವ ಬಯಲು. ಅಲ್ಲಿ ಶಮೀವೃಕ್ಷಗಳು ಹೇರಳ, ಒಣಗಾಳಿಗೆ ಎಳೆಯ ಕೊಂಬೆಗಳು ಕುಣಿಯುವುವು, ಮರಳು ಗರಸಿನ ನೆಲದ ಮೇಲೆ ಬಿಸಿಲ್ಗುದುರೆ ಹರಿಯುವುದು, ಲಾವುಗೆ, ಗೌಜಲಹಕ್ಕಿಗಳು ಅಡ್ಡಾಡುವುವು, ಜನರು ಗಟ್ಟಿಮೈಯವರು. ಚೈತ್ರ ವೈಶಾಖಗಳಲ್ಲಿ ಮಧುಗಿರಿಯಿಂದ ಪಾವಗಡದವರೆಗೆ ಪ್ರಯಾಣ ಮಾಡಿದವರಿಗೆ ಈ ವರ್ಣನೆಯನ್ನು ವ್ಯಾಖ್ಯಾನಿಸಿ ಹೇಳಬೇಕಾದುದಿಲ್ಲ.

ಕೌಟಿಲ್ಯನು ಇದನ್ನು ಅಳತೆಗೇ ತಂದಿರುವನು. ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ ಜಾಂಗಲದೇಶಕ್ಕೆ 16 ದ್ರೋಣ ಮಳೆಯೆಂದೂ, ಜಲಸಮೃದ್ಧವಾದ ಅನೂಪದೇಶಕ್ಕೆ ಅದರ ಒಂದೂವರೆ ಪಾಲೆಂದೂ, ಪಡುವಣ ಕಡಲ ಅಪರಾಂತಕ್ಕೆ ಮಿತಿಯೇ ಇಲ್ಲವೆಂದೂ ಹೇಳಿದೆ. ಇಂದಿನ ಮಳೆಮಾಪಕಗಳು ಹೇಳುವುದೂ ಬೇರೆಯಲ್ಲ. ಸಹ್ಯಾದ್ರಿಯ ಶಿಖರದಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಸುರಿದರೆ, ಅದೇ ಮುಗಿಲು ಬೆಟ್ಟವನ್ನು ದಾಟಿ ತುಮಕೂರು ಸೀಮೆಗೆ ಬರುವಷ್ಟರಲ್ಲಿ ಬರಿದಾಗಿ, ಜಿಲ್ಲೆಗೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಾತ್ರ ಉಳಿಯುವುದು. ಅದರಲ್ಲಿಯೂ ಹೆಚ್ಚು ಪಾಲು ಭಾದ್ರಪದ ಆಶ್ವಯುಜಗಳ ಹಿಂಗಾರಿನದು. ಉತ್ತರೆ ಹಸ್ತಗಳು ಕೈಕೊಟ್ಟರೆ ಆ ವರ್ಷವೇ ಕೆಟ್ಟಿತು. ಭೂಗೋಳಶಾಸ್ತ್ರಜ್ಞರು ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆಯ ನೆಲವನ್ನು ಮರುಭೂಮಿಯೆಂದು ಎಣಿಸುವರು. ಹಾಗಾದರೆ ತುಮಕೂರಿಗೂ ಮರುವಿಗೂ ನಡುವೆ ಇರುವ ಅಂತರ ಸುಮಾರು ಒಂದೂವರೆ ಗೇಣುದ್ದದ ನೀರು ಮಾತ್ರ.

ಲೋಕದ ಮಹಾಮರುಭೂಮಿಗಳು ಮರಳಿನಿಂದ ಆದುವೆಂದು ತಿಳಿಯುವುದು ತಪ್ಪು. ಅವು ಗಾಳಿಯಿಂದ ಆದುವು. ಭೂಮಧ್ಯರೇಖೆಯ ಬಳಿ ಕಾದು ಮೇಲೇರಿದ ಗಾಳಿ ಅಲ್ಲಿಯೇ ಮಳೆಗರೆದು, ಒಣಗಿ, 30 ಅಕ್ಷಾಂಶದ ಸುತ್ತಮುತ್ತ ಕೆಳಕ್ಕೆ ಇಳಿಯುವುದು. ಸುಮಾರು 90 ಲಕ್ಷ ಚದರ ಕಿಲೋಮೀಟರಿನ ಸಹಾರಾ ಈ ಇಳಿಗಾಳಿಯ ಸಂತಾನ. ಗೋಬಿಯು ಹಿಮಾಲಯ ಟಿಬೆಟ್ಟುಗಳ ಮಳೆನೆರಳಿನಲ್ಲಿರುವುದು. ತುಮಕೂರಿಗೆ ಸಹ್ಯಾದ್ರಿ ಮಾಡಿದುದನ್ನೇ ಹಿಮಾಲಯವು ಗೋಬಿಗೆ ನೂರ್ಮಡಿಯಾಗಿ ಮಾಡಿತು. ಆಫ್ರಿಕದ ನಮೀಬಿನಲ್ಲಿ ಕಡಲು ಪಕ್ಕದಲ್ಲಿದ್ದೂ ಮಳೆಯಿಲ್ಲ. ತಣ್ಣನೆಯ ಪ್ರವಾಹದ ಮೇಲಿಂದ ಬರುವ ಗಾಳಿ ಬರಿಯ ಮಂಜನ್ನು ಹೊತ್ತು ತರುವುದು. ಅಲ್ಲಿನ ಒಂದು ಜಾತಿಯ ಜೀರುಂಡೆ ಮುಂಜಾನೆ ಮರಳುದಿಣ್ಣೆಯ ನೆತ್ತಿಯಲ್ಲಿ ತಲೆಕೆಳಗಾಗಿ ನಿಂತು, ಬೆನ್ನಿನ ಮೇಲೆ ಹನಿಗೂಡಿದ ಮಂಜು ಬಾಯಿಗೆ ಜಾರಿದಾಗ ಕುಡಿಯುವುದು. ದಕ್ಷಿಣ ಅಮೆರಿಕದ ಅಟಕಾಮಾ ಇವೆಲ್ಲಕ್ಕೂ ಮೀರಿದುದು. ಅದರ ಅಂಚಿನ ಅರಿಕಾ ಪಟ್ಟಣದಲ್ಲಿ 1903ರಿಂದ 1918ರವರೆಗೆ ಹದಿನಾಲ್ಕು ವರ್ಷಕ್ಕೂ ಮಿಕ್ಕಿ ಒಂದು ಹನಿ ಬೀಳಲಿಲ್ಲ.

ಇವು ಸೃಷ್ಟಿಯ ಮೊದಲಿನಿಂದ ಹೀಗೆಯೇ ಇದ್ದುವೆಂದೂ ಅಲ್ಲ. ಅಲ್ಜೀರಿಯದ ತಸ್ಸಿಲಿ ಬಂಡೆಗಳ ಮೇಲೆ ದನದ ಮಂದೆಗಳ ಮತ್ತು ನೀರಾನೆಗಳ ಚಿತ್ರಗಳಿವೆ. ಐದಾರು ಸಾವಿರ ವರ್ಷಗಳ ಹಿಂದಿನವರೆಗೂ ಸಹಾರಾದಲ್ಲಿ ಹುಲ್ಲೂ ಕೊಳಗಳೂ ಇದ್ದುವು. ಭಾರತದಲ್ಲಿಯಾದರೋ ಸರಸ್ವತಿಯು ಮರಳಿನಲ್ಲಿ ಅಡಗಿದ ಸ್ಥಳವನ್ನು ಮಹಾಭಾರತವು ವಿನಶನವೆಂದು ಹೆಸರಿಸಿದೆ. ಹರಿಯುವ ನದಿಯೂ ಕಾಣೆಯಾಗಬಲ್ಲುದೆಂಬುದು ಈ ದೇಶಕ್ಕೆ ಹಳೆಯ ಅನುಭವ.

ರಾಜಸ್ಥಾನದ ಥಾರ್ ಮರುಭೂಮಿಗೂ ತುಮಕೂರಿನ ಬಡಗಣ ತಾಲ್ಲೂಕುಗಳಿಗೂ ದೂರ ಬಹಳವಾದರೂ ಬಾಂಧವ್ಯ ಹತ್ತಿರದ್ದು. ಥಾರಿನವರು ಖೇಜಡಿ ಎಂದು ಕರೆಯುವ ಮರವೇ ಕನ್ನಡಿಗರು ವಿಜಯದಶಮಿಯಂದು ಪೂಜಿಸುವ ಬನ್ನಿ. ಅದರ ಬೇರು ಪಾತಾಳಕ್ಕೆ ಇಳಿದು ನೀರನ್ನು ಹುಡುಕುವುದು. ಸೊಪ್ಪು ಬರಗಾಲದಲ್ಲಿ ಕುರಿಮೇಕೆಗಳ ಜೀವವನ್ನು ಉಳಿಸುವುದು. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಅರಸನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿ ಮೊದಲಾಗಿ 363 ಮಂದಿ ಬಿಷ್ಣೋಯಿಗಳು ಮರಗಳನ್ನು ತಬ್ಬಿ ಪ್ರಾಣವನ್ನೊಪ್ಪಿಸಿದರು. ಆ ಜನರು ಕಾಪಾಡುವ ಇನ್ನೊಂದು ಜೀವ ಕೃಷ್ಣಮೃಗ. ಇದು ಎಲ್ಲಿ ಸ್ವಭಾವವಾಗಿ ಸಂಚರಿಸುವುದೋ ಅದೇ ಯಜ್ಞಯೋಗ್ಯವಾದ ದೇಶವೆಂಬುದು ಮನುವಿನ ಮತ. ಹಾಗಾದರೆ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯೂ ಪುಣ್ಯಭೂಮಿಯೇ ಸರಿ. ಅಲ್ಲಿನ ಹುಲ್ಲುಗಾವಲಿನಲ್ಲಿ ಈ ಮೃಗಗಳು ಇಂದಿಗೂ ನೆಗೆದಾಡುತ್ತಿರುವುವು. 798 ಎಕರೆಗಳ ಆ ಬಯಲು 2007ರಲ್ಲಿ ಜಯಮಂಗಲಿಯ ಹೆಸರಿನಲ್ಲಿ ರಕ್ಷಿತಪ್ರದೇಶವಾಯಿತು. ಹುಲ್ಲುಬಯಲನ್ನು ಬರಡೆಂದು ಭಾವಿಸಿ ಮರ ನೆಡಹೊರಡುವವರು ಆ ಪ್ರಾಣಿಗೆ ಬೇಕಾದುದು ನೆರಳಲ್ಲ, ಓಡುವುದಕ್ಕೆ ತೆರಪು ಎಂಬುದನ್ನು ಮರೆಯುವರು. ಎರೆಭೂತವೆಂಬ ದೊಡ್ಡ ಹಕ್ಕಿಯ ಗತಿಯಂತೂ ಕರುಣಾಜನಕ. ಥಾರನ್ನು ಬಿಟ್ಟರೆ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ಆದರೆ ಮೃಗಕ್ಕೂ ಮರಕ್ಕೂ ಸಾಲುವ ನೀರು ಮನುಷ್ಯನಿಗೆ ಸಾಲದು. ಜೈಸಲ್ಮೇರಿನ ಪಾಲೀವಾಲರು ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿ, ವರ್ಷದ ಒಂದೆರಡು ಮಳೆಗಳ ನೀರನ್ನು ತಡೆದು, ಅದು ಇಂಗಿದ ಹಸಿನೆಲದಲ್ಲಿ ಗೋದಿಯನ್ನು ಬೆಳೆದರು. ಇದಕ್ಕೆ ಅಲ್ಲಿ ಖಡೀನ್ ಎಂದು ಹೆಸರು. ಮೈಸೂರು ಸೀಮೆಯ ಒಡ್ಡು ಇನ್ನೂ ಎತ್ತರಕ್ಕೆ ಏರಿ ಕೆರೆಯಾಯಿತು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಸರಪಣಿಯಾಗಿ ನೀರು ಇಳಿಯುವುದು. 1866ರಲ್ಲಿ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಈ ಏರ್ಪಾಡನ್ನು ಕಂಡು, ಹೊಸ ಕೆರೆಗೆ ಸ್ಥಳ ಹುಡುಕುವುದಕ್ಕೂ ಈ ಸೀಮೆಯಲ್ಲಿ ಜಾಣತನ ಬೇಕೆಂಬ ಅರ್ಥದಲ್ಲಿ ಬರೆದರು. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯೂ, ಸೀತೆಯ ಕೋರಿಕೆಯಂತೆ ರಾಮನು ಕಟ್ಟಿಸಿದನೆಂದು ಐತಿಹ್ಯವಿರುವ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ ಈ ಪರಂಪರೆಯವು. ಕಟ್ಟಿದವನಿಗೆ ಕಟ್ಟುಕೊಡಗೆಯ ಮಾನ್ಯ, ಹೂಳೆತ್ತುವುದಕ್ಕೆ ಬಿಟ್ಟುವಟ್ಟ, ತೂಬಿನ ಕಾವಲಿಗೆ ನೀರಗಂಟಿ: ಶಾಸನಗಳನ್ನೂ ಗ್ರಾಮದ ಹಳೆಯ ವಾಡಿಕೆಯನ್ನೂ ನೋಡಿದರೆ, ಹಿಂದಿನವರು ಕೆರೆಯನ್ನು ಕಟ್ಟಿ ಮರೆತವರಲ್ಲ.

ಈ ಏರ್ಪಾಡಿಗೂ ಒಂದು ಮಿತಿಯುಂಟು. 1876ರಲ್ಲಿ ಧಾತು ಸಂವತ್ಸರದ ಮಳೆ ತಪ್ಪಿ, ಮರುವರ್ಷ ಈಶ್ವರದಲ್ಲಿಯೂ ಬರವು ಬಿಡದೆ ಹೋದಾಗ ಕೆರೆಗಳು ಒಣಗಿದುವು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಜಾಂಗಲವು ಎರಡು ವರ್ಷದ ಮಟ್ಟಿಗೆ ಮರುವಾದರೆ ಏನಾಗುವುದೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಅಣೆಕಟ್ಟು ಬಂದಿತು. ತುಂಬಿದ ನೀರು ತಾನಾಗಿಯೇ ಹೊರಹೋಗುವ ಸೈಫನ್ನುಗಳು ಅದರ ವಿಶೇಷ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿ ಬಂದು, ಜನರ ಕಣ್ಣು ಕೆರೆಯಿಂದ ಪಾತಾಳದ ಕಡೆಗೆ ತಿರುಗಿತು. ಏರಿಯ ಮೇಲೆ ಬಳ್ಳಾರಿ ಜಾಲಿ ಬೆಳೆಯಿತು, ಅಂಗಳದಲ್ಲಿ ಹೂಳು ತುಂಬಿತು. ಪಾವಗಡದಲ್ಲಿ ಆಳಕ್ಕೆ ಕೊರೆದಂತೆ ಫ್ಲೋರೈಡು ಬೆರೆತ ನೀರು ಬಂದು ಹಲ್ಲು ಮೂಳೆಗಳನ್ನು ಕೆಡಿಸಿತು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳನ್ನು ರೈತರಿಂದ ಗುತ್ತಿಗೆಗೆ ಪಡೆದು, 2018ರಿಂದ ಸೂರ್ಯನ ಬಿಸಿಲನ್ನೇ ವಿದ್ಯುತ್ತಾಗಿ ಕೊಯ್ಯುತ್ತಿರುವರು. ಕಡಲೆಕಾಯಿಗೆ ಶಾಪವಾದ ಬಿಸಿಲು ಗಾಜಿನ ಹಲಗೆಗೆ ವರವಾಯಿತು.

ತೆಂಗು ಅಡಕೆಗಳ ಗುಬ್ಬಿಗೂ, ತುಮಕೂರು ನಗರದ ನಲ್ಲಿಗಳಿಗೂ ಈಗ ಆಧಾರ ಹೇಮಾವತಿ. ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟಿನಿಂದ ಕಾಲುವೆಯ ಮೂಲಕ ಬರುವ ಈ ನೀರು, ಕೌಟಿಲ್ಯನು ಮಿತಿಯಿಲ್ಲವೆಂದ ಪಡುವಣ ಮಳೆಯ ಪಾಲು. ಅದಕ್ಕೂ ಮಿತಿಯಿದೆಯೆಂಬುದು ಬೇಗ ಗೊತ್ತಾಯಿತು. ಕುಣಿಗಲಿನ ಕಡೆಗೆ ನೇರವಾಗಿ ನೀರನ್ನು ಒಯ್ಯುವ ಕೊಂಡಿ ಕಾಲುವೆಯ ವಿಷಯದಲ್ಲಿ 2024 ಮತ್ತು 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಪ್ರತಿಭಟನೆಗೆ ಇಳಿದರು. ತಮ್ಮ ಪಾಲು ಕಾಲುವೆಯ ಕೊನೆಗೆ ಎಂದೂ ಮುಟ್ಟಲಿಲ್ಲವೆಂಬುದು ಕುಣಿಗಲಿನವರ ವಾದ. ಎರಡು ತಾಲ್ಲೂಕುಗಳೂ ಒಂದೇ ಶಿಂಷೆಯ ಕಣಿವೆಯಲ್ಲಿವೆ; ಒಳ್ಳೆಯ ಮಳೆಯಾದ ವರ್ಷ ಕಡಬದ ಕೆರೆ ತುಂಬಿ ಕೋಡಿ ಹರಿದರೆ, ಆ ನೀರು ಯಾರ ಅಪ್ಪಣೆಯೂ ಇಲ್ಲದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಇಳಿಯುವುದು.