ವಸಂತಸೇನೆ ಯಾವ ವರ್ಷದವಳು? | ಮೂಕಿ ಸಿನಿಮಾ ಕಥೆಗಳು, ಭಾಗ 4

ಕನ್ನಡದವರು ಸೇರಿ ಮಾಡಿದ ಮೊದಮೊದಲ ಮೂಕಿಗಳಲ್ಲಿ ‘ವಸಂತಸೇನಾ’ ಒಂದು. ಶೂದ್ರಕನ ‘ಮೃಚ್ಛಕಟಿಕ’ದ ಪ್ರೇಮಕಥೆ. ಬಡವನಾದ ಚಾರುದತ್ತ, ಉಜ್ಜಯಿನಿಯ ಗಣಿಕೆ ವಸಂತಸೇನೆ, ಮಧ್ಯೆ ರಾಜನ ಬಾಮೈದ ಶಕಾರನ ಕಾಟ. ನಿರ್ದೇಶಕ ಮೋಹನ್ ಭವನಾನಿ. ನಟಿಸಿದವರನ್ನ ನೋಡಿ: ಏಣಾಕ್ಷಿ ರಾಮರಾವ್, ನಾಟಕಕಾರ ಟಿ.ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಹೌದು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಅದೇ ಕಮಲಾದೇವಿ!

‘ಮರ್ಯಾದಸ್ಥರ ಮನೆ ಹೆಣ್ಮಕ್ಕಳು’ ಕ್ಯಾಮೆರಾ ಮುಂದೆ ನಿಲ್ಲಬಾರದು ಅಂತಿದ್ದ ಕಾಲ ಅದು. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿ ಪಾತ್ರವನ್ನೂ ಗಂಡಸೇ ಮಾಡಿದ್ದ. ಅಂಥದ್ರಲ್ಲಿ ಓದಿದ ಹೆಣ್ಮಕ್ಕಳು ಗಣಿಕೆಯ ಕಥೆಯಲ್ಲಿ ನಟಿಸಿದ್ದು ಸಣ್ಣ ಮಾತಲ್ಲ.

ಇಷ್ಟಾದ್ರೂ ಈ ಚಿತ್ರದ ಇಸವಿಯನ್ನ ಒಂದು ಕಡೆ 1929 ಅಂತಾರೆ, ಇನ್ನೊಂದು ಕಡೆ 1930, ಮತ್ತೊಂದು ಕಡೆ 1931. ಇದೇ ಏಣಾಕ್ಷಿ ನಟಿಸಿದ ‘ಶಿರಾಜ್’ (1928) ಮೂಕಿಯ ಪ್ರತಿ ಬ್ರಿಟನ್ನಿನಲ್ಲಿ ಉಳೀತು. 2017ರಲ್ಲಿ ದುರಸ್ತಿಯಾಗಿ, ಅನುಷ್ಕಾ ಶಂಕರ್ ಸಂಗೀತದ ಜೊತೆ ಮತ್ತೆ ತೆರೆಗೆ ಬಂತು. ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಉಳಿದಿದ್ದು ಬೆರಳೆಣಿಕೆಯಷ್ಟು. ನೈಟ್ರೇಟ್ ಫಿಲಂ ಬೇಗ ಕೊಳೆಯುತ್ತೆ, ಕಿಡಿ ತಾಗಿದ್ರೆ ಧಗ್ ಅಂತ ಹೊತ್ತಿಕೊಳ್ಳುತ್ತೆ.

ಸಿನಿಮಾನೇ ಇಲ್ಲ ಅಂದ್ಮೇಲೆ ಸಾಕ್ಷಿ ಯಾರು? ಆ ಕಾಲದ ಪತ್ರಿಕೆ. ಯಾವ ತಿಂಗಳು ಬಂತು, ಟಿಕೆಟ್ ಎಷ್ಟು, ಹಾರ್ಮೋನಿಯಂ ಯಾರು ನುಡಿಸಿದ್ರು, ಜನ ಎಲ್ಲಿ ನಕ್ಕರು... ರೀಲು ಉಳಿದಿದ್ರೂ ಇದೆಲ್ಲ ಅದರಲ್ಲಿ ಇರ್ತಿರಲಿಲ್ಲ. ವಿಮರ್ಶಕ ಬೈದಿದ್ರೂ ಪರವಾಗಿಲ್ಲ, ಬೈಗುಳಕ್ಕೂ ತಾರೀಕು ಇರುತ್ತೆ!

ಈಗ ನಮ್ಮ ಸೀಮೆಗೆ ಬನ್ನಿ. ಸಾಗರದ ಹೆಗ್ಗೋಡಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಗಿತ್ತು. ಸಿನಿಮಾನ ಗಂಭೀರವಾಗಿ ನೋಡೋದು ನಮಗೆ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೇ ಮನೆಗಳ ಅಟ್ಟದಲ್ಲಿ ಅಡಿಕೆ ಲೆಕ್ಕದ ಪುಸ್ತಕಗಳ ಪಕ್ಕ ಪತ್ರಿಕೆಗಳ ಕಟ್ಟೂ ಇರುತ್ತೆ. ಒಂದು ಮಳೆಗಾಲ ಸೋರಿದ್ರೆ, ಗೆದ್ದಲು ಹಿಡಿದ್ರೆ ಅದೂ ಹೋಯ್ತು.

ಗುಜರಿಗೆ ಹಾಕೋ ಮೊದಲು ಒಂದ್ಸಲ ಬಿಚ್ಚಿ ನೋಡಿ. ಮುಖಪುಟ, ತಿಂಗಳು-ಇಸವಿ ಇರೋ ಪುಟ, ಸಿನಿಮಾ ಜಾಹೀರಾತು ಅಥವಾ ಬರಹ: ಮೂರನ್ನೂ ಹಗಲು ಬೆಳಕಲ್ಲಿ ಫೋಟೋ ತೆಗೀರಿ. ತಾರೀಕಿಲ್ಲದ ತುಣುಕು ಬರೀ ಚೆಂದದ ಚಿತ್ರ, ತಾರೀಕಿದ್ರೆ ಅದು ದಾಖಲೆ.

ನಿಮ್ಮ ಅಟ್ಟದಲ್ಲಿ ಏನಿದೆ? ಕಮೆಂಟಲ್ಲಿ ಹೇಳಿ.

#ಮೂಕಿಚಿತ್ರ #ವಸಂತಸೇನಾ #ಮಲೆನಾಡು