ಜೀವಶಾಸ್ತ್ರ ಬೋಧನೆಯಲ್ಲಿ ಡಿಜಿಟಲ್ ಸಾಮಗ್ರಿ

ಜೀವಶಾಸ್ತ್ರದ ತರಗತಿಯಲ್ಲಿ ಶಿಕ್ಷಕರು ಬಳಸುವ ಅನಿಮೇಷನ್, ವಿಡಿಯೊ, ಸಿಮ್ಯುಲೇಷನ್ ಹಾಗೂ ವರ್ಚುವಲ್ ಪ್ರಯೋಗಾಲಯಗಳು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಥವಾ ಹಲವು ತಲೆಮಾರು ಹಿಡಿಯುವ ಕ್ರಿಯೆಗಳನ್ನು ಕಲಿಸುವಾಗ ಇವು ಹೆಚ್ಚು ಉಪಯುಕ್ತ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ‘ನೈಸರ್ಗಿಕ ಆಯ್ಕೆ’ ಸಿಮ್ಯುಲೇಷನ್ ಇದಕ್ಕೆ ಉತ್ತಮ ನಿದರ್ಶನ. ಪರದೆಯ ಮೇಲೆ ಬಿಳಿ ಮೊಲಗಳಿರುತ್ತವೆ. ಶಿಕ್ಷಕರು ಕಂದು ತುಪ್ಪಳದ ಉತ್ಪರಿವರ್ತನೆಯನ್ನು ಸೇರಿಸಿ, ತೋಳಗಳನ್ನು ಬಿಡುತ್ತಾರೆ. ಹಿಮವಿಲ್ಲದ ನೆಲದಲ್ಲಿ ಬಿಳಿ ಮೊಲಗಳು ಬೇಗ ಬಲಿಯಾಗುತ್ತವೆ. ಕೆಲವೇ ತಲೆಮಾರುಗಳಲ್ಲಿ ಕಂದು ಮೊಲಗಳ ಸಂಖ್ಯೆ ಮೇಲುಗೈ ಪಡೆಯುತ್ತದೆ. ನುರಿತ ಶಿಕ್ಷಕರು ತೋಳಗಳನ್ನು ಬಿಡುವ ಮೊದಲೇ ತಡೆದು, ಯಾವ ಮೊಲ ಉಳಿದೀತು, ಏಕೆ ಎಂದು ಮಕ್ಕಳಿಂದ ಬರೆಸುತ್ತಾರೆ. ಆಮೇಲೆ ಆ ಊಹೆಯನ್ನು ಪರದೆಯ ಗ್ರಾಫ್‌ನೊಂದಿಗೆ ಹೋಲಿಸುತ್ತಾರೆ. ನಿಜವಾದ ಕಲಿಕೆ ನಡೆಯುವುದು ಈ ಹೋಲಿಕೆಯಲ್ಲಿ. ಸುಮ್ಮನೆ ತೋರಿಸಿ ಮುಗಿಸಿದರೆ ಮೊಲಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ.

ಭಾರತದಲ್ಲಿ 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದಲ್ಲಿ ಮುದ್ರಿಸಿದ ಕ್ಯುಆರ್ ಕೋಡ್ ಮೂಲಕ ತೆರೆಯಬಹುದು. ಅಮೃತ ವಿಶ್ವ ವಿದ್ಯಾಪೀಠ ಮತ್ತು ಸಿ-ಡ್ಯಾಕ್ ರೂಪಿಸಿದ ಓಲ್ಯಾಬ್ಸ್, ಶಾಲಾ ಪ್ರಯೋಗಗಳನ್ನು ಪರದೆಗೆ ತಂದಿದೆ. ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹಂತಗಳನ್ನು ಮನದಟ್ಟು ಮಾಡಿಸಲು ಇದು ಅನುಕೂಲ. ಆದರೆ ಈರುಳ್ಳಿಯ ತೆಳುಪೊರೆಯನ್ನು ಸುಲಿದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ಸ್ಪಷ್ಟವಾಗಿ ಕಾಣುವಂತೆ ಮಾಡುವ ಕೈಚಳಕ ಪರದೆಯಿಂದ ಬರುವುದಿಲ್ಲ.