ಅರಮನೆಯ ಗೋಡೆಯನ್ನು ಓದುವ ಬಗೆ

ಆಸ್ಥಾನಚಿತ್ರಗಳು ಅರಮನೆಯ ಬದುಕನ್ನು ತೋರಿಸುತ್ತವೆ ಎನ್ನುವುದುಂಟು. ಅವು ತೋರಿಸುವುದು ಅರಸನು ಕಾಣಬಯಸಿದ ಬದುಕನ್ನು. ಸಭಾಚರಿತ್ರೆಯನ್ನು ಅಭ್ಯಸಿಸುವ ನಾವು ಇದನ್ನು ಅರಿಯಲು ಬಹುದೂರ ಹೋಗಬೇಕಾಗಿಲ್ಲ. ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಹೋದರೆ ಸಿಗುವ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಗಳೇ ಸಾಕು.

ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಿಗೆಯ ಅರಮನೆಯ ಪೂರ್ವದ ಗೋಡೆಯಲ್ಲಿ ಅರಸರೂ ಪಾಳೆಯಗಾರರೂ ಸಾಲುಸಾಲಾಗಿ ಒಡ್ಡೋಲಗದಲ್ಲಿದ್ದಾರೆ. ಪಶ್ಚಿಮದ ಗೋಡೆಯಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಮೆರವಣಿಗೆ ಇದೆ. 1780ರ ಸೆಪ್ಟೆಂಬರ್ 10ರಂದು ನಡೆದ ಪೊಳ್ಳಿಲೂರಿನ ಯುದ್ಧವಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಇಂಗ್ಲಿಷ್ ಪಡೆಯ ಚೌಕದ ನಡುವೆ ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಆನೆಯೇರಿದ ತಂದೆಮಕ್ಕಳ ಮುಖದಲ್ಲಿ ಮಾತ್ರ ಯಾವ ಕಳವಳವೂ ಇಲ್ಲ.

1799ರಲ್ಲಿ ಟಿಪ್ಪು ಮಡಿದ ಬಳಿಕ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದನು. ಮುಂದೆ ಡಾಲ್‌ಹೌಸಿಯೂ ಅದನ್ನೇ ಮಾಡಿಸಿದನು. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು. ಸೋತ ವೈರಿ ಎಷ್ಟು ಬಲಶಾಲಿಯೋ ಗೆದ್ದವನ ಕೀರ್ತಿಯೂ ಅಷ್ಟು ಹಿರಿದಲ್ಲವೇ? ಹೀಗೆ ಒಂದೇ ಗೋಡೆ ಇಬ್ಬರು ಒಡೆಯರ ಮಹಿಮೆಯನ್ನು ಸಾರಿತು.

ಆ ಗೋಡೆಯಲ್ಲಿ ಇಲ್ಲದ್ದೇನು? ಬೈಲಿ 1782ರಲ್ಲಿ ಇದೇ ಪಟ್ಟಣದ ಸೆರೆಯಲ್ಲಿ ಸತ್ತದ್ದು ಅಲ್ಲಿಲ್ಲ. ಅರಮನೆ ಎದ್ದ 1784ರಲ್ಲಿಯೇ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಘಟ್ಟ ಹತ್ತಿಸಿ ಇಲ್ಲಿಗೆ ಸೆರೆ ತಂದದ್ದೂ ಇಲ್ಲ. ಅವರ ನೆನಪಿಗೆ ಬಣ್ಣ ದೊರೆಯಲಿಲ್ಲ. ಅದು ಮನೆಮಾತಿನಲ್ಲಿ ಉಳಿಯಿತು. 1799ರ ನಂತರ ಅಬ್ಬೆ ದ್ಯುಬುವಾ ಬಂದು ಚದುರಿದ ಮಂದೆಯನ್ನು ಮತ್ತೆ ಕೂಡಿಸಬೇಕಾಯಿತು.

ಇಲ್ಲಿ ನಮಗೂ ಒಂದು ಎಚ್ಚರಿಕೆಯಿದೆ. ಹೈದರನ ಸೈನ್ಯದಲ್ಲಿ ಕ್ರೈಸ್ತರು ಸೇವೆ ಸಲ್ಲಿಸಿದ್ದರು. 1791ರಲ್ಲಿ ಮರಾಠಾ ಪಡೆಯವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವಾದವನು ಇದೇ ಟಿಪ್ಪು. ಇದರಿಂದ ಸೆರೆಯಾದವರ ನೋವು ಕಿರಿದಾಗದು. ಆದರೆ ನಮ್ಮ ಗಾಯವನ್ನಷ್ಟೇ ಬರೆದು ಉಳಿದುದನ್ನು ಅಳಿಸಿದರೆ ನಾವೂ ಆಸ್ಥಾನದ ಚಿತ್ರಗಾರರೇ ಆಗುವೆವು. ಅರಸನ ಸ್ಥಾನದಲ್ಲಿ ನಮ್ಮನ್ನೇ ಕೂರಿಸಿರುವೆವು, ಅಷ್ಟೇ.

ದಾನಿಯೇಲನ ಗ್ರಂಥದ 5ನೆಯ ಅಧ್ಯಾಯದಲ್ಲಿ ಬೇಲ್ಶಚ್ಚರನ ಅರಮನೆಯ ಗೋಡೆಯ ಮೇಲೆ ಅರಸನು ನೇಮಿಸದ ಕೈಯೊಂದು ಬರೆಯಿತು. ಆಸ್ಥಾನದ ಜ್ಞಾನಿಗಳಿಗೆ ಆ ಬರಹವನ್ನು ಓದಲಾಗಲಿಲ್ಲ. ಓದಿದವನು ಯೆಹೂದದಿಂದ ಸೆರೆಯಾಗಿ ಬಂದವನು. ಅವನು ಅರಸನ ಕಾಣಿಕೆಗಳನ್ನು ಮೊದಲೇ ನಿರಾಕರಿಸಿ, ಬಳಿಕ ಅರ್ಥವನ್ನು ಹೇಳಿದನು. ಚರಿತ್ರೆಯನ್ನು ಓದುವವನಿಗೆ ಈ ನಿರಾಕರಣೆಯೇ ಮೊದಲ ಶಿಸ್ತು.

ಆದುದರಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಚಿತ್ರಗಳನ್ನು ನೋಡಿ ಹಿಂದಿರುಗಬಾರದು. ಗುಂಬಜಿನ ಬಳಿಯಿರುವ ಬೈಲಿಯ ಸ್ಮಾರಕವನ್ನೂ, ದ್ಯುಬುವಾನ ಹೆಸರಿನೊಡನೆ ನೆನೆಯಲಾಗುವ ಗಂಜಾಮಿನ ಚರ್ಚನ್ನೂ ಅದೇ ದಿನ ಕಾಣಬೇಕು. ಗೋಡೆ ಹೇಳದೆ ಬಿಟ್ಟದ್ದು ಅಲ್ಲಿ ಕೇಳಿಸುತ್ತದೆ.